ಗಾಳಕ್ಕೆ ಬಿದ್ದ ದೊಡ್ಡ ಮೀನನ್ನು ಮೇಲೆ ತರೋದು ಹೇಗೆ? ಧಕ್ಕೆ, ಕಡಲಬಂಡೆಗಳ ಮೇಲೆ ನಿಲ್ಲುವ ಬೆಳಗಾವಿ ಮಂದಿಗೆ

ಬೈಲಹೊಂಗಲ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಎಂಟಾಳು ಆಳದ ಬಾವಿ ಇತ್ತು. ಕೊಡ ನೀರೊಳಗೆ ಇರುವ ತನಕ ಹಗ್ಗ ಹಗುರ. ನೀರು ಬಿಟ್ಟು ಒಂದು ಗೇಣು ಮೇಲೆ ಬಂತೋ, ರಟ್ಟೆ ಕೀಳುವ ಭಾರ. ಹಗ್ಗ ಹರಿಯುವುದೂ ಆಗಲೇ, ಕುಣಿಕೆ ಜಾರುವುದೂ ಆಗಲೇ. ಕೊಡ ಬಿದ್ದರೆ ಪಾತಾಳಗರಡಿ ತರಲು ಓಣಿಯಲ್ಲಿ ಯಾರ ಮನೆಗೆ ಓಡಬೇಕು ಅನ್ನುವುದು ನಮಗೆಲ್ಲ ಬಾಯಿಪಾಠವಾಗಿತ್ತು.

ಇಷ್ಟು ಗೊತ್ತಿದ್ದೂ, ಗೋವಾದ ಒಂದು ಧಕ್ಕೆಯ (ದೋಣಿ ನಿಲ್ಲುವ ಜೆಟ್ಟಿಯ) ಮೇಲೆ ಮೊದಲ ಸಲ ಆರೇಳು ಕಿಲೋದ ಚೊಣಕ (ಬಾರಾಮುಂಡಿ ಮೀನು) ಗಾಳಕ್ಕೆ ಬಿದ್ದಾಗ ನಾನು ಮಾಡಿದ್ದು ಹುಚ್ಚು ಕೆಲಸ. ಇಪ್ಪತ್ತು ನಿಮಿಷ ಆಡಿಸಿದೆ, ದಣಿಸಿದೆ, ಗೋಡೆಯ ಬುಡಕ್ಕೆ ತಂದೆ. ಆಮೇಲೆ ರಾಡ್ ಎತ್ತಿದೆ. ಮೀನು ನೀರು ಬಿಟ್ಟು ಒಂದು ಮೊಳ ಮೇಲೆದ್ದಿತು, ಒಂದೇ ಸಲ ತಲೆ ಕೊಡವಿತು, ದಾರ ಕಾಂಕ್ರೀಟಿನ ಅಂಚಿಗೆ ಉಜ್ಜಿತು. ಮುಗಿಯಿತು. ತುಟಿಯಲ್ಲಿ ಗಾಳ, ಎರಡು ಮೊಳ ದಾರ ಹೊತ್ತುಕೊಂಡೇ ಅದು ಕತ್ತಲ ನೀರಿಗೆ ಹೋಯಿತು. ಹಿಂದೆ ನಿಂತಿದ್ದ ಗೆಳೆಯ, "ಹಿಡದಿದ್ದೆಲ್ಲೋ ಮಾರಾಯ, ಬರೇ ಮಾತಾಡ್ಸಿ ಕಳಿಸಿದಿ" ಅಂದ.

ನಮ್ಮ ಕೈ ಪಳಗಿದ್ದು ಹಿಡಕಲ್ ಹಿನ್ನೀರಿನಲ್ಲಿ, ನವಿಲುತೀರ್ಥದ ಕಡೆ, ಮಲಪ್ರಭೆಯ ದಂಡೆಯಲ್ಲಿ. ಅಲ್ಲಿ ದಂಡೆ ಇಳಿಜಾರು. ಕಟ್ಲಾ ಇರಲಿ, ಬಾಳೆಮೀನು ಇರಲಿ, ಕೆಸರಿನ ಮೇಲೆ ಎಳೆದುಕೊಂಡರೆ ಆಯಿತು. ಶನಿವಾರ ಸಂಜೆ ಜಾಂಬೋಟಿ, ಚೋರ್ಲಾ ಘಟ್ಟ ಇಳಿದು ಅದೇ ಕೈ, ಅದೇ ರೂಢಿ ಕಡಲಿಗೆ ಒಯ್ದರೆ ಮೋಸ ಹೋಗುತ್ತೇವೆ. ಅಲ್ಲಿ ನೀರು ನಮ್ಮ ಕಾಲಿಗಿಂತ ಎರಡಾಳು ಕೆಳಗಿರುತ್ತದೆ, ನಡುವೆ ಗೋಡೆ. ಮೀನು ಬೀಳಿಸುವ ವಿದ್ಯೆ ಬೇರೆ, ಆ ಎರಡಾಳು ಎತ್ತರ ದಾಟಿಸುವ ವಿದ್ಯೆಯೇ ಬೇರೆ. ಈ ಲೇಖನ ಎರಡನೆಯದರ ಬಗ್ಗೆ ಮಾತ್ರ.

ಗಾಳ ಬಿಡುವ ಮೊದಲು ಮೀನು ಬರುವ ದಾರಿ ನೋಡಿ

ಧಕ್ಕೆಗೆ ಹೋದ ಕೂಡಲೇ ರಾಡ್ ಬಿಚ್ಚಬೇಡಿ. ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆಯಿರಿ. ನೀರಿಗೆ ಇಳಿಯುವ ಮೆಟ್ಟಿಲು ಎಲ್ಲಿದೆ? ದೋಣಿ ಎಳೆಯುವ ಇಳಿಜಾರು ಇದೆಯೇ? ಧಕ್ಕೆಯ ಬುಡ ಮರಳಿಗೆ ಸೇರುವ ಜಾಗ ಎಷ್ಟು ದೂರ? ನಾನು ನಿಂತ ಕಡೆಯಿಂದ ಅಲ್ಲಿಯವರೆಗೆ ದಾರ ಸಿಕ್ಕಿಕೊಳ್ಳುವಂಥ ಕಂಬ, ಲಂಗರಿನ ಹಗ್ಗ, ಕಟ್ಟಿದ ದೋಣಿ ಏನಿದೆ? ಇಷ್ಟು ನೋಡಿಕೊಂಡ ಮೇಲೆ ನಿಲ್ಲುವ ಜಾಗ ಆರಿಸಿ. ಮೀನು ಎಲ್ಲಿ ಕಚ್ಚುತ್ತದೆ ಅನ್ನುವುದಕ್ಕಿಂತ ಕಚ್ಚಿದ ಮೀನು ಎಲ್ಲಿ ಮೇಲೆ ಬರುತ್ತದೆ ಅನ್ನುವುದನ್ನು ಮೊದಲು ತೀರ್ಮಾನಿಸಿ. ಮೇಲೆ ತರುವ ದಾರಿ ಕಾಣದಿದ್ದರೆ ಅಲ್ಲಿ ಗಾಳ ಬಿಡಬೇಡಿ, ಅದು ಎಷ್ಟೇ ಚಂದದ ಜಾಗವಾಗಿರಲಿ. ಬಂದರಿನ ಧಕ್ಕೆಗಳಲ್ಲಿ ಅನುಮತಿ ಕೇಳಿ. ಕಾರವಾರದ ಕಡೆ ನೌಕಾನೆಲೆ ಇರುವುದರಿಂದ ನಿಷೇಧದ ಫಲಕ ಕಂಡಲ್ಲಿ ವಾದಕ್ಕೆ ಇಳಿಯದೆ ವಾಪಸ್ಸು ಬನ್ನಿ.

ನೀರಿನ ಮಟ್ಟವೂ ಒಂದೇ ಕಡೆ ನಿಲ್ಲುವುದಿಲ್ಲ. ಘಟ್ಟದ ಮೇಲಿನ ನಮಗೆ ಇದೇ ಮರೆತು ಹೋಗುವ ಸಂಗತಿ. ನಮ್ಮ ಪಡುವಣ ಕಡಲಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಭರತದಿಂದ ಇಳಿತಕ್ಕೆ ಆರು ತಾಸಿನ ಮೇಲೆ ಸ್ವಲ್ಪ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾಸಿ, ಹುಣ್ಣಿವೆಯ ಆಸುಪಾಸು ಏರಿಳಿತ ಹೆಚ್ಚು. ಗೋವಾ, ಕಾರವಾರದ ದಂಡೆಯಲ್ಲಿ ಸುಮಾರು 2 ಮೀಟರ್. ಭರತದ ಹೊತ್ತಿಗೆ ಕಾಲಿನಿಂದ 3 ಮೀಟರ್ ಕೆಳಗಿದ್ದ ನೀರು ಇಳಿತದ ಹೊತ್ತಿಗೆ 5 ಮೀಟರ್ ಕೆಳಗಿರುತ್ತದೆ. ಮೀನೆತ್ತಲು ಮೇಲಿನಿಂದ ಇಳಿಬಿಡುವ ಬಲೆಯ ಹಗ್ಗ ಗಿಡ್ಡ ಬಿದ್ದಾಗಲೇ ಅದು ಅರಿವಾಗುವುದು. ಆದ್ದರಿಂದ ಇಳಿತದ ಲೆಕ್ಕದಲ್ಲಿ ಹಗ್ಗ ಇರಲಿ, ಮೇಲೆ ಇನ್ನೂ ಐದು ಮೀಟರ್ ಹೆಚ್ಚಿಗೆ. ಎತ್ತರ ಅಳೆಯಲು ಸೀಸದ ಗುಂಡು ಕಟ್ಟಿದ ದಾರವನ್ನು ನೀರು ಮುಟ್ಟುವ ತನಕ ಇಳಿಬಿಟ್ಟು, ಮೇಲೆಳೆದು ಮಾರು ಹಾಕಿದರೆ ಸಾಕು.

ದಾರ ಎಷ್ಟು ಹೊರುತ್ತದೆ

ಪೊಟ್ಟಣದ ಮೇಲೆ 30 ಪೌಂಡ್ ಅಂತ ಬರೆದಿದ್ದರೆ 13.6 ಕಿಲೋ. "ಹಂಗಾದ್ರ ಹತ್ತು ಕಿಲೋ ಮೀನ ಎತ್ತಬಹುದಲ್ಲ?" ಅನ್ನುತ್ತಾರೆ. ಎತ್ತಲಾಗದು. ಗಂಟು ಹಾಕಿದಲ್ಲಿ ದಾರದ ಬಲ ಕುಗ್ಗುತ್ತದೆ. ಸಂಜೆಯಿಂದ ಕಲ್ಲಿಗೆ, ಕಂಬದ ಸಿಂಪಿಗೆ ತಾಗಿ ಸವೆದಿರುತ್ತದೆ. ನೀರಲ್ಲಿ ತೇಲುವ ಮೀನಿಗೆ ತೂಕವೇ ಇಲ್ಲ ಅನ್ನಬಹುದು, ದಾರದ ಮೇಲೆ ಬೀಳುವುದು ಅದು ಈಜುವ ಜಗ್ಗಾಟ ಮಾತ್ರ. ಗಾಳಿಗೆ ಬಂದ ಕೂಡಲೇ ಪೂರಾ ತೂಕ, ಅದರ ಮೇಲೆ ಬಾಲ ಬಡಿಯುವ ಹೊಡೆತ. ಬಾವಿಯ ಕೊಡ ಕನಿಷ್ಠ ಒದ್ದಾಡುವುದಿಲ್ಲ.

ನಾನು ಇಟ್ಟುಕೊಂಡ ಗೆರೆ ಇದು: ಒಂದೂವರೆ ಕಿಲೋ ತನಕದ ಮೀನನ್ನು ದಾರದಲ್ಲೇ ಎತ್ತುತ್ತೇನೆ. ಅದರ ಮೇಲಿನದಕ್ಕೆ ಬಲೆ ಅಥವಾ ಮೆಟ್ಟಿಲು. ಎತ್ತುವಾಗಲೂ ರಾಡ್‌ನಿಂದ ಎತ್ತುವುದಿಲ್ಲ. ರಾಡ್ ಕ್ರೇನ್ ಅಲ್ಲ. ಹಿಡಿಯನ್ನು ಎದೆಗೆ ತಂದು ತುದಿಯನ್ನು ಹಿಂದಕ್ಕೆ ಬಾಗಿಸಿದರೆ ಕಾರ್ಬನ್ ರಾಡ್ ತುದಿಯ ಭಾಗದಲ್ಲಿ ಲಟಕ್ಕನೆ ಮುರಿಯುತ್ತದೆ. ರಾಡನ್ನು ಗೆಳೆಯನ ಕೈಗೆ ಕೊಟ್ಟು, ಕೈಗೆ ಕವಸು ಹಾಕಿ, ಲೀಡರನ್ನು, ಅಂದರೆ ಗಾಳದ ಕಡೆಯ ತುದಿಗೆ ಕಟ್ಟಿದ ದಪ್ಪ ದಾರವನ್ನು, ಹಿಡಿದು ಕೈಮೇಲೆ ಕೈಯಿಟ್ಟು ಎಳೆದುಕೊಳ್ಳಿ. ದಾರವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ. ಮೀನು ಒಂದು ಸಲ ಜಗ್ಗಿದರೆ ಬ್ರೇಡ್ (ಎಳೆ ಹೆಣೆದ) ದಾರ ಬೆರಳನ್ನು ಮೂಳೆ ತನಕ ಕೊಯ್ಯುತ್ತದೆ.

ಬ್ರೇಡ್ ಎಳೆತಕ್ಕೆ ಗಟ್ಟಿ, ಉಜ್ಜಾಟಕ್ಕೆ ಮೆತ್ತಗೆ. ಕಾಂಕ್ರೀಟಿನ ಅಂಚಿಗೆ ಬಿಗಿಯಾಗಿ ತಾಗಿದರೆ ಕ್ಷಣದಲ್ಲಿ ಹೋಗುತ್ತದೆ. ಹಾಗಾಗಿ ತುದಿಗೆ 60ರಿಂದ 80 ಪೌಂಡಿನ ದಪ್ಪ ಲೀಡರ್ ಕಟ್ಟಿ. ಮೀನು ಗೋಡೆಯ ಬುಡಕ್ಕೆ ಬರುವ ಹೊತ್ತಿಗೆ ಕಲ್ಲಿಗೆ ತಾಗುವುದು ಲೀಡರ್ ಆಗಿರಲಿ. ಡ್ರ್ಯಾಗನ್ನು, ಅಂದರೆ ಮೀನು ಎಷ್ಟು ಜಗ್ಗಿದರೆ ರೀಲು ದಾರ ಬಿಡಬೇಕು ಅನ್ನುವ ಬಿಗಿಯನ್ನು, ದಾರದ ಬಲದ ಕಾಲುಭಾಗಕ್ಕೆ ಇಡಿ. 30 ಪೌಂಡಿನ ದಾರಕ್ಕೆ ಹೆಚ್ಚುಕಡಿಮೆ ಮೂರೂವರೆ ಕಿಲೋ. ಅಂದಾಜು ಬೇಡ. ಊರಿಗೆ ಹೋಗುವಾಗ ಬ್ಯಾಗ್ ತೂಗುವ ಸ್ಪ್ರಿಂಗ್ ತಕ್ಕಡಿಗೆ ದಾರದ ತುದಿ ಕಟ್ಟಿ, ರಾಡ್ ಬಾಗಿಸಿ ಎಳೆದು, ಮನೆಯಲ್ಲೇ ನೋಡಿಕೊಂಡು ಬನ್ನಿ. ಕಡಲ ಮುಂದೆ ನಿಂತಾಗ ಕೈ ಸುಳ್ಳು ಹೇಳುತ್ತದೆ.

ಇಳಿಬಲೆ: ಉದ್ಯಮಬಾಗದಲ್ಲಿ ಮಾಡಿಸಿದ್ದು

ಅಂಗಡಿಯ ಇಳಿಬಲೆಗಳು ಸಿಗುತ್ತವೆ. ನನಗೆ ಅವುಗಳ ಬಳೆ ತೆಳು ಅನ್ನಿಸಿತು, ಹರಿವಿನಲ್ಲಿ ಗಾಳಿಪಟದ ಹಾಗೆ ಆಡುತ್ತವೆ. ಉದ್ಯಮಬಾಗದ ಯಾವ ವೆಲ್ಡಿಂಗ್ ಶೆಡ್ಡಿಗೆ ಹೋದರೂ ಅರ್ಧ ತಾಸಿನ ಕೆಲಸ ಇದು. 10 ಮಿ.ಮೀ. ಸರಳನ್ನು 90 ಸೆಂ.ಮೀ. ಅಗಲದ ಬಳೆಯಾಗಿ ಬಗ್ಗಿಸಿ, ಕೂಡುವಲ್ಲಿ ಬೆಸುಗೆ ಹಾಕಿಸಿ, ಅರದಿಂದ ಉಜ್ಜಿಸಿ. 2.8 ಮೀಟರಿನಷ್ಟು ಸರಳು ಹಿಡಿಯುತ್ತದೆ, ತೂಕ ಕಾಲು ಕಮ್ಮಿ ಎರಡು, ಅಂದರೆ 1.75 ಕಿಲೋ. ಈ ತೂಕವೇ ಬಲೆಯನ್ನು ಮುಳುಗಿಸುತ್ತದೆ, ಬೇರೆ ಸೀಸ ಬೇಡ. ಉಪ್ಪುನೀರಿಗೆ ತುಕ್ಕು ಹಿಡಿಯದಂತೆ ಎರಡು ಕೋಟ್ ಬಣ್ಣ ಹೊಡೆಯಿರಿ. ಸ್ಟೇನ್‌ಲೆಸ್ ಮಾಡಿಸುವ ದುಡ್ಡಿದ್ದರೆ ಇನ್ನೂ ಒಳ್ಳೆಯದು.

ಬಳೆಗೆ ಜಾಳಿಗೆ ಹೊಲಿಯಿರಿ, ಆಳ ಒಂದು ಮೀಟರಿಗೆ ಕಡಿಮೆ ಬೇಡ. ಆಳವಿಲ್ಲದ ಬಲೆಯಿಂದ ಮೀನು ಪುಟಿದು ಹಾರುತ್ತದೆ. ಬಳೆಯ ಮೂರು ಕಡೆ ಸಮದೂರಕ್ಕೆ ಹಗ್ಗ ಕಟ್ಟಿ, ಮೂರನ್ನೂ ಒಂದು ಮಾರು ಮೇಲೆ ಒಂದೇ ಉಂಗುರಕ್ಕೆ ಸೇರಿಸಿ. ತೊಟ್ಟಿಲಿನ ನೇಣು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಉಂಗುರದಿಂದ ಮೇಲಕ್ಕೆ 8ರಿಂದ 10 ಮಿ.ಮೀ. ದಪ್ಪದ ನೈಲಾನ್ ಹಗ್ಗ. ತೆಳ್ಳಗಿನದು ಕೈ ಕೊಯ್ಯುತ್ತದೆ. ರವಿವಾರ ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ ಹಗ್ಗ ನೀರ ಮೇಲೆ ತೇಲಿ ಗಾಳದ ದಾರಕ್ಕೆ ಸುತ್ತಿಕೊಳ್ಳುತ್ತದೆ, ಅದನ್ನು ದನಕ್ಕೆ ಬಿಡಿ. ಮೊಳಕ್ಕೊಂದು ಗಂಟು ಹಾಕಿದರೆ ಒದ್ದೆ ಕೈ ಜಾರುವುದಿಲ್ಲ. ಹಗ್ಗದ ಕೊನೆಯನ್ನು ದೋಣಿ ಕಟ್ಟುವ ಗೂಟಕ್ಕೋ ಕಂಬಿಗೋ ಬಿಗಿಯಿರಿ. ಸೊಂಟಕ್ಕೆ, ಮಣಿಕಟ್ಟಿಗೆ ಕಟ್ಟಿಕೊಳ್ಳುವವರನ್ನು ನೋಡಿದ್ದೇನೆ. ಮೀನಿನ ಹಿಂದೆ ನೀವೂ ಹೋಗುವುದಕ್ಕೆ ಅದು ಸುಲಭದ ದಾರಿ.

ಮನೆಯಲ್ಲಿ ಅಭ್ಯಾಸ ಮಾಡಿ. ನಾವು ಮಾಡಿದ್ದು ಶಹಾಪುರದ ಗೆಳೆಯನ ಎರಡಂತಸ್ತಿನ ಮನೆಯ ಮಾಳಿಗೆಯ ಮೇಲಿಂದ. ಕೆಳಗೆ ಬಲೆಯೊಳಗೆ ಐದು ಲೀಟರಿನ ನೀರಿನ ಕ್ಯಾನ್ ಎರಡು, ಮೇಲೆ ನಾವಿಬ್ಬರು. ಹತ್ತು ಕಿಲೋವನ್ನು ಗೋಡೆಗೆ ತಾಗದ ಹಾಗೆ ಎತ್ತುವುದು ಎಷ್ಟು ಕಷ್ಟ ಅಂತ ಅವತ್ತು ತಿಳಿಯಿತು. ಓಣಿಯವರು ಬಡಿಗೆ ಹಿಡಿದು ವಿಚಾರಿಸಲು ಬಂದದ್ದೂ ಅವತ್ತೇ.

ಮೀನು ಬಿದ್ದ ಮೇಲೆ

ಮೊದಲ ಕೆಲಸ ಅದನ್ನು ಕಂಬಗಳಿಂದ ದೂರ ಇಡುವುದು. ಧಕ್ಕೆಯ ಕಂಬಗಳಿಗೆ ಹತ್ತಿದ ಸಿಂಪಿ, ಬಾರ್ನಕಲ್ ಚಿಪ್ಪು ಬ್ಲೇಡಿಗಿಂತ ಹರಿತ. ತಾಂಬಸೊ (ಸ್ನ್ಯಾಪರ್), ಗೋಬರೊ (ಗ್ರೂಪರ್) ಜಾತಿಯವು ಕಚ್ಚಿದ ಮರುಕ್ಷಣ ಕಲ್ಲಿನ ಬಿಲಕ್ಕೆ ಓಡುತ್ತವೆ. ಮೊದಲ ಐದು ಸೆಕೆಂಡಿನಲ್ಲಿ ನಿಲ್ಲಿಸದಿದ್ದರೆ ಆಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ. ಚೊಣಕ ಹಾರುತ್ತದೆ, ತಲೆ ಕೊಡವುತ್ತದೆ. ಅದು ಹಾರಿದಾಗ ರಾಡಿನ ತುದಿ ತಗ್ಗಿಸಿ.

ಬಯಲಿಗೆ ಬಂದ ಮೀನಿಗೆ ಅವಸರ ಮಾಡಬೇಡಿ, ಹಾಗಂತ ಮುಲಾಜೂ ಬೇಡ. ದಾರ ಸಡಿಲಾಗದಂತೆ ಹಿಡಿದು ಅದರ ಜೊತೆ ನಡೆಯಿರಿ. ಹೊಸ ಎಮ್ಮೆಯನ್ನು ಸಂತೆಯಿಂದ ಮನೆಗೆ ತರುವವನು ಹಗ್ಗ ಜಗ್ಗುವುದಿಲ್ಲ; ಹಗ್ಗ ಬಿಗಿ ಇಟ್ಟು, ಪಕ್ಕದಲ್ಲೇ ಹೆಜ್ಜೆ ಹಾಕುತ್ತ, ಅದಕ್ಕೇ ಹೋಗಬೇಕು ಅನ್ನಿಸುವ ಹಾಗೆ ಮಾಡುತ್ತಾನೆ. ಮೀನನ್ನೂ ಹಾಗೆಯೇ ಮೊದಲು ನೋಡಿಟ್ಟ ಮೆಟ್ಟಿಲಿನ ಕಡೆಗೆ, ಮರಳಿನ ಕಡೆಗೆ ನಡೆಸಿ. ನೂರು ಮೀಟರ್ ನಡೆಸಿಕೊಂಡು ಹೋಗಿ ಮರಳಿನ ಮೇಲೆ ಎಳೆದುಕೊಂಡ ಮೀನಿಗೆ ಬಲೆಯೂ ಬೇಡ, ಕೊಕ್ಕೆಯೂ ಬೇಡ. ಆದರೆ ಕೆಳಗಿನ ಮೆಟ್ಟಿಲುಗಳಲ್ಲಿ ಹಸಿರು ಪಾಚಿ ಇದ್ದರೆ, ಅಲೆ ಬಡಿಯುತ್ತಿದ್ದರೆ ಇಳಿಯಬೇಡಿ.

ಮೆಟ್ಟಿಲಿಲ್ಲದಲ್ಲಿ ಬಲೆ. ಮೀನು ಪಕ್ಕಕ್ಕೆ ವಾಲಿ ಬಿಳಿ ಹೊಟ್ಟೆ ತೋರಿಸುವ ತನಕ ಬಲೆ ನೀರು ಮುಟ್ಟಬಾರದು. ಮುಟ್ಟಿದರೆ ಅದಕ್ಕೆ ಹೊಸ ಜೀವ ಬರುತ್ತದೆ. ಬ್ಯಾಟರಿ ಬೆಳಕನ್ನು ನೇರ ಮೀನಿನ ಮೇಲೆ ಬಿಟ್ಟರೂ ಹಾಗೆಯೇ. ಈ ಕೊನೆಯ ಓಟಕ್ಕೆ ಡ್ರ್ಯಾಗ್ ಒಂದು ಹಲ್ಲು ಸಡಿಲಿಸಿಕೊಳ್ಳಿ.

ಬಲೆ ಹಿಡಿದವನು ಹರಿವು ಎತ್ತ ಸಾಗಿದೆ ನೋಡಿ, ಮೀನಿಗಿಂತ ಕೆಳಹರಿವಿನಲ್ಲಿ ಬಲೆ ಇಳಿಸಲಿ. ಬಳೆ ನೀರಿನ ಒಂದು ಮೊಳ ಕೆಳಗೆ ನಿಲ್ಲಲಿ, ಅಲ್ಲಾಡದೆ. ರಾಡ್ ಹಿಡಿದವನು ಮೀನಿನ ತಲೆಯನ್ನು ಮೇಲೆ ಹಿಡಿದು, ಹರಿವು ಅದನ್ನು ಬಲೆಯ ಮೇಲಕ್ಕೆ ತರುವಂತೆ ಬಿಡಲಿ. ಬಲೆ ಮೀನನ್ನು ಅಟ್ಟಿಸಿಕೊಂಡು ಹೋಗಬಾರದು, ಮೀನೇ ಬಲೆಗೆ ಬರಬೇಕು. ನಮ್ಮವರು ಕಳೆದುಕೊಳ್ಳುವ ಮೀನುಗಳಲ್ಲಿ ಅರ್ಧ ಇಲ್ಲೇ ಹೋಗುತ್ತವೆ: ಬಲೆ ಬೀಸುತ್ತಾರೆ, ಬಳೆ ದಾರಕ್ಕೆ ಬಡಿಯುತ್ತದೆ, ಗಾಳ ಕಳಚುತ್ತದೆ. ಆಮೇಲೆ ಬೈದಾಟ. ಮೀನಿನ ತಲೆ, ಮೈ ಬಳೆಯ ನಡುವಿಗೆ ಬಂದಾಗ ಬಲೆಯವನು "ಹೂಂ" ಅನ್ನಲಿ. ಆಗ ರಾಡಿನವನು ದಾರ ಪೂರಾ ಸಡಿಲ ಬಿಡಬೇಕು. ಇಲ್ಲದಿದ್ದರೆ ಬಲೆ ಮೇಲೇರುವಾಗ ಬಿಗಿದ ದಾರ ಮೀನನ್ನೇ ಹೊರಗೆ ಎಳೆಯುತ್ತದೆ, ಇಲ್ಲ ರಾಡನ್ನು ಮುರಿಯುತ್ತದೆ. ಬಲೆಯವನು ಕೈಮೇಲೆ ಕೈಯಿಟ್ಟು ನಿಧಾನ ಎತ್ತಲಿ. ಎಂಟು ಕಿಲೋ ದಾಟಿದರೆ ಇಬ್ಬರು ಕೈ ಹಾಕಲಿ. ಅಂಚಿನಿಂದ ಹೊರಕ್ಕೆ ಬಾಗಬೇಡಿ. ಒಂದು ಕಾಲು ಹಿಂದೆ, ಮಂಡಿ ಸ್ವಲ್ಪ ಬಗ್ಗಿರಲಿ, ಬಾವಿಕಟ್ಟೆಯ ಮೇಲೆ ನಿಂತ ಹಾಗೆ.

ಕೊಕ್ಕೆಯ ಬಗ್ಗೆ ಎರಡು ಮಾತು. ಧಕ್ಕೆಗಳ ಮೇಲೆ ಬಳಸುವ ಹಗ್ಗದ ಕೊಕ್ಕೆ ಪಾತಾಳಗರಡಿಯ ತಮ್ಮನೇ: ಮೂರು ನಾಲ್ಕು ದೊಡ್ಡ ಕೊಕ್ಕೆ, ನಡುವೆ ತೂಕ, ಮೇಲೆ ಹಗ್ಗ. ಒಂದು ಕ್ಲಿಪ್ಪಿನಿಂದ ಅದನ್ನು ಗಾಳದ ದಾರಕ್ಕೆ ಪೋಣಿಸಿ ಕೆಳಗೆ ಜಾರಿಸಿದರೆ ನೇರ ಮೀನಿನ ತಲೆಯ ಹತ್ತಿರ ಇಳಿಯುತ್ತದೆ. ಅಲ್ಲಿ ಒಮ್ಮೆ ಜಗ್ಗಿದರೆ ಕಿವಿರು, ಗದ್ದದ ಕೆಳಗೆ ಹಿಡಿಯುತ್ತದೆ. ಬಲೆಯೊಳಗೆ ಹಿಡಿಸದ ಮೀನಿಗೆ ಇದೇ ಉಪಾಯ. ತಿನ್ನಲು ಒಯ್ಯುವುದು ಖಾತ್ರಿಯಿದ್ದರೆ ಮಾತ್ರ ಬಳಸಿ, ಏಕೆಂದರೆ ಕೊಕ್ಕೆ ಬಿದ್ದ ಮೀನನ್ನು ಬಿಟ್ಟರೆ ಅದು ಬದುಕುವುದು ಕಷ್ಟ. ಎತ್ತುವಾಗ ಹಗ್ಗದ ನೇರಕ್ಕೆ ಮುಖ ಇಡಬೇಡಿ. ಮೀನು ಕಳಚಿಕೊಂಡರೆ ಕೊಕ್ಕೆ ಮೇಲೆ ಹಾರುತ್ತದೆ.

ಬಂಡೆಯ ಮಾತು ಬೇರೆ

ಧಕ್ಕೆಯಲ್ಲಿ ಕಳೆದುಕೊಳ್ಳುವುದು ಮೀನು, ಬಂಡೆಯಲ್ಲಿ ಮನುಷ್ಯ. ಜೂನ್‌ನಿಂದ ಸೆಪ್ಟೆಂಬರ್ ತನಕ ನಾನು ಬಂಡೆಗೆ ಕಾಲೇ ಇಡುವುದಿಲ್ಲ. ಯಂತ್ರದೋಣಿಗಳಿಗೇ ಜೂನ್ 1ರಿಂದ ಜುಲೈ 31ರ ತನಕ 61 ದಿನ ಕಡಲು ಬಂದ್ ಇರುತ್ತದೆ; ಕಡಲನ್ನೇ ನಂಬಿದವರು ದಂಡೆಯಲ್ಲಿ ಕೂತಾಗ ಘಟ್ಟದ ಮೇಲಿನ ನಮಗೇನು ಅವಸರ?

ಉಳಿದ ತಿಂಗಳುಗಳಲ್ಲೂ ಆಕಾಶ ನೋಡಿ ಕಡಲನ್ನು ಅಳೆಯಬೇಡಿ. ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ಬಿಸಿಲಿನ, ಗಾಳಿಯಿಲ್ಲದ ದಿನವೂ ಬಂದು ಬಡಿಯುತ್ತವೆ. ಹೈದರಾಬಾದಿನಲ್ಲಿರುವ ಇಂಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ, ಎಚ್ಚರಿಕೆ ಕೊಡುತ್ತದೆ. ಹೊರಡುವ ಮುಂಚೆ ನೋಡಿ. ತಲುಪಿದ ಮೇಲೆ ಮೇಲೆಯೇ ಕೂತು ಅರ್ಧ ತಾಸು ಬರೀ ನೋಡಿ, ರಾಡ್ ಚೀಲದಲ್ಲೇ ಇರಲಿ. ಅಲೆಗಳು ಗುಂಪಾಗಿ ಬರುತ್ತವೆ: ಹತ್ತು ನಿಮಿಷ ಸುಮ್ಮನಿದ್ದ ಕಲ್ಲನ್ನು ಆಮೇಲೆ ಬಂದ ಮೂರು ದೊಡ್ಡ ಅಲೆ ತೊಳೆದು ಹೋಗುತ್ತವೆ. ಆ ಅರ್ಧ ತಾಸಿನಲ್ಲಿ ಒದ್ದೆಯಾದ ಕಲ್ಲಿನ ಮೇಲೆ ನಿಲ್ಲಬೇಡಿ. ಕಪ್ಪಗೆ ಮಿರುಗುವ, ಪಾಚಿ ಹಿಡಿದ ಕಲ್ಲು ಕಡಲಿನದು. ಗೋವಾದ ವಾಗಾತೋರ್, ಕಾಬೊ ದ ರಾಮಾ ಕಡೆಯ ಚಿರೆಕಲ್ಲಿನ ದಿಬ್ಬಗಳಲ್ಲಿ ಇನ್ನೊಂದು ಅಪಾಯವಿದೆ. ಅಂಚು ಗಟ್ಟಿ ಕಂಡರೂ ಕೆಳಗೆ ಅಲೆ ಕೊರೆದು ಪೊಳ್ಳಾಗಿರುತ್ತದೆ. ತುದಿಯಿಂದ ಎರಡು ಮಾರು ಒಳಗೇ ಇರಿ.

ಬಂಡೆಯಿಂದ ಭಾರದ ಮೀನು ಎತ್ತುವುದಕ್ಕೆ ಅಲೆಯೇ ಆಳು. ನಿಮ್ಮ ಕೆಳಗೆ, ಅಲೆ ಉಕ್ಕಿದಾಗ ಮುಳುಗಿ ಇಳಿದಾಗ ಬರಿದಾಗುವ ಒಂದು ಚಪ್ಪಟೆ ಕಲ್ಲು ಗುರುತು ಮಾಡಿಟ್ಟುಕೊಳ್ಳಿ. ದಣಿದ ಮೀನನ್ನು ಅದರ ಮುಂದೆ ಹತ್ತು ಮೀಟರ್ ದೂರ ತಡೆದು ಹಿಡಿಯಿರಿ. ದೊಡ್ಡ ಉಕ್ಕು ಬರುವಾಗ ಅದರ ಜೊತೆ ಜೋರಾಗಿ ಸುತ್ತಿ. ನೀರೇ ಮೀನನ್ನು ಹೊತ್ತು ಕಲ್ಲಿನ ಮೇಲೆ ತರುತ್ತದೆ. ಅಲೆ ಹಿಂದೆ ಸರಿಯುವಾಗ ಬಿಗಿ ಹಿಡಿದು ನಿಲ್ಲಿ, ಮೀನು ಕಲ್ಲಿನ ಮೇಲೆ ಉಳಿಯುತ್ತದೆ. ಉಳಿಯದೆ ನೀರಿನ ಜೊತೆ ಹಿಂದೆ ಹೋಗತೊಡಗಿದರೆ ಎದುರು ಜಗ್ಗಬೇಡಿ. ಡ್ರ್ಯಾಗ್ ಬಿಡಿ, ದಾರ ಹೋಗಲಿ, ಮುಂದಿನ ಉಕ್ಕಿಗೆ ಕಾಯಿರಿ. ಹಿಂದೋಡುವ ನೀರಿನ ಭಾರ, ಮೀನಿನ ಭಾರ ಎರಡನ್ನೂ ಯಾವ ದಾರವೂ ಹೊರುವುದಿಲ್ಲ.

ಕಲ್ಲಿನ ಮೇಲೆ ಉಳಿದ ಮೀನಿಗೆ ಮೇಲಿನಿಂದಲೇ ಹಗ್ಗದ ಕೊಕ್ಕೆ ಹಾಕಿ. ಎಷ್ಟೇ ಹತ್ತಿರ ಕಂಡರೂ, ಎಷ್ಟೇ ದೊಡ್ಡದಿದ್ದರೂ ಅದನ್ನು ತರಲು ಕೆಳಗೆ ಇಳಿಯಬೇಡಿ. ಏಳು ಮೀಟರಿಗಿಂತ ಎತ್ತರದ ಬಂಡೆಯಲ್ಲಿ ಬಲೆಯೂ ಕೆಲಸ ಮಾಡುವುದಿಲ್ಲ, ಗಾಳಿಗೆ ತೂಗಾಡಿ ಕಲ್ಲಿಗೆ ಬಡಿಯುತ್ತದೆ. ಅಂಥ ಕಡೆ ಫೋಟೊ ತೆಗೆದುಕೊಂಡು ಬರುತ್ತೇನೆ, ಗಾಳ ಬಿಡುವುದಿಲ್ಲ.

ಮೈಮೇಲೆ ಲೈಫ್ ಜಾಕೆಟ್, ತಲೆಗೆ ಕಟ್ಟುವ ದೀಪ, ಜಾರದ ಅಟ್ಟೆಯ ಬೂಟು. ಗದ್ದೆಗೆ ಹಾಕುವ ಗಮ್‌ಬೂಟು ಬೇಡ, ನೀರು ತುಂಬಿದರೆ ಎರಡು ಕಾಲಿಗೂ ಕಲ್ಲು ಕಟ್ಟಿದಂತೆ. ಒಬ್ಬರೇ ಹೋಗಬೇಡಿ. ಯಾರಾದರೂ ನೀರಿಗೆ ಬಿದ್ದರೆ ಹಿಂದೆ ಹಾರಬೇಡಿ: ಬಲೆಯ ಹಗ್ಗವನ್ನೋ, ಬಾಯಿ ಮುಚ್ಚಿದ ಖಾಲಿ ಕ್ಯಾನನ್ನೋ ಎಸೆಯಿರಿ, ಕಲ್ಲಿನಿಂದ ದೂರ ಈಜಿ ತೇಲುತ್ತಿರಲು ಕೂಗಿ ಹೇಳಿ, 112ಕ್ಕೆ ಅಥವಾ ಕರಾವಳಿ ಕಾವಲು ಪಡೆಯ 1554ಕ್ಕೆ ಫೋನ್ ಮಾಡಿ.

ಮೇಲೆ ಬಂದ ಮೀನು

ಚೊಣಕದ ಕಿವಿರಿನ ಮುಚ್ಚಳದ ಅಂಚು ಬ್ಲೇಡ್ ಇದ್ದಂತೆ, ಅಲ್ಲಿ ಬೆರಳು ಹಾಕಬೇಡಿ. ತಾಂಬಸೊದ ಕೋರೆಹಲ್ಲಿಗೆ ಇಕ್ಕಳ ಬೇಕು. ತೊರಕೆ (ಚಪ್ಪಟೆ ಮೈಯ, ಚಾಟಿ ಬಾಲದ ಸ್ಟಿಂಗ್‌ರೇ) ಬಂದರೆ ಬಾಲದ ಬುಡದ ಮುಳ್ಳಿಗೆ, ಕಡಲ ಮೀಸೆಮೀನು ಬಂದರೆ ಬೆನ್ನಿನ, ಎದೆಯ ಮುಳ್ಳಿಗೆ ಹುಷಾರು. ಎರಡಕ್ಕೂ ವಿಷ ಇದೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿ, ಅರ್ಧ ತಾಸಿನಿಂದ ಒಂದೂವರೆ ತಾಸು ಅದ್ದಿಡಿ, ನೋವು ಇಳಿಯುತ್ತದೆ. ಆಮೇಲೆ ದವಾಖಾನೆ. ಥರ್ಮಾಸ್‌ನಲ್ಲಿ ಒಯ್ಯುವ ಬಿಸಿ ನೀರು ಚಹಾಕ್ಕೆ ಮಾತ್ರ ಅಂತ ತಿಳಿಯಬೇಡಿ.

ಬಿಡುವ ಮೀನನ್ನು ಮೇಲಿನಿಂದ ಎಸೆಯಬೇಡಿ. ಐದು ಮೀಟರ್ ಎತ್ತರದಿಂದ ನೀರಿಗೆ ಬಿದ್ದ ಏಟು ಚಿಕ್ಕದಲ್ಲ. ಬಂದ ಬಲೆಯಲ್ಲೇ ಕೆಳಗೆ ಇಳಿಸಿ, ಬಳೆ ಓರೆ ಮಾಡಿ, ಅದೇ ಈಜಿಕೊಂಡು ಹೋಗುತ್ತದೆ. ಗರಗಸ ಮೀನು, ಕಡಲಾಮೆ ಗಾಳಕ್ಕೆ ಸಿಕ್ಕರೆ ಇಟ್ಟುಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕ್ಕೂ ಇದೆ. ಮೇಲೆ ಎತ್ತಲಾರದಷ್ಟು ದೊಡ್ಡ ತೊರಕೆ ಬಿದ್ದರೆ ನಾನು ಅದನ್ನು ಹತ್ತಿರ ತಂದು, ದಾರವನ್ನು ಆದಷ್ಟು ಗಾಳದ ಸಮೀಪ ಕತ್ತರಿಸುತ್ತೇನೆ. ಹಾಗೆ ಮಾಡುವಾಗ ಗೆಳೆಯರು ಮುಖ ತಿರುಗಿಸುತ್ತಾರೆ. ತಿರುಗಿಸಲಿ.

ಒಯ್ಯುವ ಮೀನನ್ನು ಒದ್ದಾಡಲು ಬಿಡದೆ ತಲೆಗೆ ಒಂದೇ ಪೆಟ್ಟು ಕೊಟ್ಟು, ಕಿವಿರು ಕತ್ತರಿಸಿ, ಬಕೆಟ್ಟಿನ ಕಡಲ ನೀರಿನಲ್ಲಿ ತಲೆ ಕೆಳಗೆ ಮಾಡಿ ಹತ್ತು ನಿಮಿಷ ರಕ್ತ ಬಸಿಯಿರಿ. ಆಮೇಲೆ ಮಂಜುಗಡ್ಡೆಯ ಪುಡಿಗೆ ಸ್ವಲ್ಪ ಕಡಲ ನೀರು ಬೆರೆಸಿ ಅದರೊಳಗೆ ಹೂಳಿ; ಬರೀ ಗಡ್ಡೆಗಿಂತ ಬೇಗ ತಂಪಾಗುತ್ತದೆ. ಮಂಜು ಕೆಳಗೇ ಕೊಳ್ಳಿ, ಘಟ್ಟದಲ್ಲಿ ಸಿಗುವುದಿಲ್ಲ. ಮನೆ ಮುಟ್ಟುವ ತನಕ ಡಬ್ಬಿಯ ಮುಚ್ಚಳ ತೆಗೆಯಬೇಡಿ. ಕಣಕುಂಬಿಯಲ್ಲಿ ಚಹಾಕ್ಕೆ ಗಾಡಿ ನಿಂತಾಗ "ಏನ್ ಸಿಕ್ಕೈತ್ರಿ, ಒಂದೀಟ ತೋರಸ್ರಿ" ಅಂತ ಯಾರಾದರೂ ಬಂದೇ ಬರುತ್ತಾರೆ. ಅವರಿಗೆ ಮೊಬೈಲಿನ ಫೋಟೊ ತೋರಿಸಿ.